ಹುಲ್ಲುಗಾವಲಿನಲ್ಲಿ ಸಿಕ್ಕ ಹಾಯಿದೋಣಿ

ಹಳೆಯ ಸ್ಕೂಟರ್ ಕೊಳ್ಳಲು ಹೋದವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಟೈರು ಒತ್ತಿ ನೋಡುತ್ತಾರೆ. ಹಳೆಯ ಮನೆ ಕೊಳ್ಳುವವರು ಗೋಡೆಯ ಬಿರುಕು, ಬಾವಿಯ ನೀರು ನೋಡುತ್ತಾರೆ. ಕೊಳ್ಳಬೇಕಾದ ವಸ್ತು ವಾಹನವೂ ಆಗಿದ್ದು ಮನೆಯೂ ಆಗಿದ್ದರೆ? ಯುರೋಪು, ಅಮೆರಿಕಗಳ ಬಂದರುಗಳಲ್ಲಿ ಇಂಥ ವ್ಯಾಪಾರ ಸಾಮಾನ್ಯ. ಯಾರೋ ಬಳಸಿದ ಹಾಯಿದೋಣಿಯನ್ನು ಕೊಂಡು, ಅದರಲ್ಲೇ ಸಂಸಾರ ಹೂಡಿ, ವರ್ಷಗಟ್ಟಲೆ ಸಮುದ್ರ ಸುತ್ತುವವರಿದ್ದಾರೆ. ಮಾರುವವರು ‘ಸಕಲ ಸಲಕರಣೆಗಳೊಂದಿಗೆ’ ಎಂದು ಜಾಹೀರಾತು ಕೊಡುತ್ತಾರೆ. ಉಪಗ್ರಹಗಳ ನೆರವಿನಿಂದ ದೋಣಿ ಇರುವ ಜಾಗ ತಿಳಿಸುವ ಉಪಕರಣ, ಸೌರಫಲಕ, ಉಪ್ಪುನೀರನ್ನು ಸಿಹಿನೀರಾಗಿಸುವ ಯಂತ್ರ, ಮನುಷ್ಯ ಮಲಗಿದ್ದರೂ ಚುಕ್ಕಾಣಿ ತಿರುಗಿಸುವ ಯಂತ್ರ, ಹೀಗೆ ಪಟ್ಟಿ ಉದ್ದವಾಗಿರುತ್ತದೆ. ಇವುಗಳಲ್ಲಿ ಇಲ್ಲದಿದ್ದರೆ ನಡೆಯದೇ ಇರುವುದು ಯಾವುದು?

ಈ ಯಂತ್ರಗಳಲ್ಲಿ ಒಂದೂ ಇಲ್ಲದೆ ಒಬ್ಬನೇ ಮನುಷ್ಯನನ್ನು ಭೂಮಿಯ ಸುತ್ತ ಕರೆದೊಯ್ದು ವಾಪಸು ತಂದ ಒಂದು ಹಳೆಯ ದೋಣಿಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ದೋಣಿಯ ಹೆಸರು ‘ಸ್ಪ್ರೇ’. ಮನುಷ್ಯನ ಹೆಸರು ಜೋಶುವಾ ಸ್ಲೋಕಮ್.

ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಹತ್ತು ವರ್ಷದ ಹೊತ್ತಿಗೆ ಶಾಲೆ ಬಿಡಿಸಿ ತಂದೆ ಬೂಟು ಹೊಲಿಯುವ ಕೆಲಸಕ್ಕೆ ಕೂರಿಸಿದ. ಹುಡುಗ ಸಮುದ್ರಕ್ಕೆ ಓಡಿಹೋದ. ಸಾಧಾರಣ ನಾವಿಕನಾಗಿ ಸೇರಿ ದೊಡ್ಡ ಹಾಯಿಹಡಗುಗಳ ಕಪ್ತಾನನಾದ. ಆದರೆ ಕಾಲ ಅವನ ಕಡೆ ಇರಲಿಲ್ಲ. ಉಗಿ ಹಡಗುಗಳು ಬಂದು ಹಾಯಿಹಡಗುಗಳ ಸರಕನ್ನೆಲ್ಲ ಕಸಿದುಕೊಂಡವು. 1892ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಈ ಅನುಭವಿ ಕಪ್ತಾನ ಬಾಸ್ಟನ್ನಿನಲ್ಲಿ ಕೆಲಸವಿಲ್ಲದೆ ನಿಂತಿದ್ದ. ಆಗ ಪರಿಚಯದ ಹಳೆಯ ತಿಮಿಂಗಿಲ ಬೇಟೆಗಾರನೊಬ್ಬ, ‘ನಿನಗೊಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಆಗಬೇಕು’ ಎಂದ.

ಸ್ಲೋಕಮ್ ಫೇರ್‌ಹೇವನ್ ಎಂಬ ಊರಿಗೆ ಹೋಗಿ ನೋಡಿದರೆ ‘ಹಡಗು’ ನೀರಿನಲ್ಲೇ ಇಲ್ಲ! ಸಮುದ್ರದಿಂದ ದೂರ, ಒಂದು ಹುಲ್ಲುಗಾವಲಿನಲ್ಲಿ ಊರೆಗೋಲುಗಳ ಮೇಲೆ, ಮೈತುಂಬ ಕ್ಯಾನ್‌ವಾಸ್ ಹೊದ್ದು ನಿಂತಿತ್ತು. ಅದರ ವಯಸ್ಸು ಯಾರಿಗೂ ಸರಿಯಾಗಿ ತಿಳಿಯದು. ಮೈಯೆಲ್ಲ ಲಡ್ಡು. ಊರಿನವರು ಅವನು ಅದನ್ನು ಒಡೆಯಲು ಬಂದಿದ್ದಾನೆ ಎಂದುಕೊಂಡರು. ಅವನು ಹತ್ತಿರದಲ್ಲೇ ಒಂದು ಓಕ್ ಮರ ಕಡಿದು ‘ಕೀಲ್’, ಅಂದರೆ ದೋಣಿಯ ಬೆನ್ನೆಲುಬಿನಂತೆ ತಳದಲ್ಲಿ ಉದ್ದಕ್ಕೂ ಸಾಗುವ ತೊಲೆ, ಕೆತ್ತಿದ. ಪಕ್ಕೆಲುಬುಗಳನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿದ. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಹೊಡೆದು, ಸಂದುಗಳಿಗೆ ಹತ್ತಿ, ನಾರು ತುರುಕಿ ಬಿಗಿ ಮಾಡಿದ. ಹದಿಮೂರು ತಿಂಗಳ ದುಡಿಮೆ. ಸಾಮಾನಿಗೆ ತಗುಲಿದ ಖರ್ಚು 553 ಡಾಲರ್ 62 ಸೆಂಟ್. ಸೆಂಟುಗಳವರೆಗೆ ಲೆಕ್ಕ ಇಟ್ಟಿದ್ದಾನೆ.

ಎತ್ತಿನ ಗಾಡಿಗೆ ಈ ವರ್ಷ ಹೊಸ ಮೂಕಿ, ಮುಂದಿನ ವರ್ಷ ಹೊಸ ಗಾಲಿ, ಆಮೇಲೆ ಅಚ್ಚು ಹಾಕಿಸಿದರೆ ಅದು ಅಜ್ಜನ ಕಾಲದ ಗಾಡಿಯೋ, ಹೊಸ ಗಾಡಿಯೋ? ಸ್ಪ್ರೇಯದೂ ಅದೇ ಪ್ರಶ್ನೆ. ಹಳೆಯದೆಂದು ಉಳಿದದ್ದು ಆಕಾರ ಮಾತ್ರ. ಆ ಆಕಾರದಲ್ಲೇ ಗುಟ್ಟಿತ್ತು ಎಂಬುದು ಆಗ ಸ್ಲೋಕಮ್‌ಗೂ ತಿಳಿದಿರಲಾರದು.

ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಇದರಲ್ಲಿ ವಾಸಕ್ಕೆ ಎರಡು ಕೋಣೆ. ನಡುವೆ ಆರಡಿ ಚೌಕದ ಅಡುಗೆಮನೆ, ಹಿಂದೆ ಸುಮಾರು ಹತ್ತಡಿ ಹನ್ನೆರಡಡಿಯ ಮಲಗುವ ಕೋಣೆ. ಎರಡೂ ಅಟ್ಟಣೆಯ ಮೇಲೆ ಮೂರಡಿ ಮಾತ್ರ ಎದ್ದಿದ್ದವು, ಉಳಿದದ್ದು ಒಳಗೆ ಇಳಿದಿತ್ತು. ಗಾಳಿಗೆ ತಡೆಯಾಗಬಾರದು, ಮನುಷ್ಯ ನೆಟ್ಟಗೆ ನಿಲ್ಲಲೂ ಬೇಕು, ಅದಕ್ಕೆ ಈ ಉಪಾಯ. ಎರಡು ಕೋಣೆಗಳ ನಡುವಿನ ಜಾಗದಲ್ಲಿ ನೀರಿನ ಪೀಪಾಯಿ, ಉಪ್ಪು ಹಾಕಿದ ಮಾಂಸ, ತಿಂಗಳುಗಟ್ಟಲೆ ಸಾಲುವಷ್ಟು ದಿನಸಿ. ಎರಡು ಬತ್ತಿಯ ದೀಪ ರಾತ್ರಿ ಬೆಳಕು ಕೊಡುತ್ತಿತ್ತು, ಹಗಲು ಅದೇ ಒಲೆ. ಬಂದರಿನಲ್ಲಿ ದಡಕ್ಕೆ ಹೋಗಲು ಒಂದು ಚಿಕ್ಕ ದೋಣಿ ಬೇಕಲ್ಲ? ಇಡೀ ದೋಣಿಗೆ ಜಾಗವಿಲ್ಲ. ಹಳೆಯದೊಂದನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಬಾಯಿಗೆ ಹಲಗೆ ಜಡಿದು, ಅರ್ಧ ದೋಣಿ ಮಾಡಿಕೊಂಡ. ಬಟ್ಟೆ ಒಗೆಯುವುದೂ ಸ್ನಾನವೂ ಅದರಲ್ಲೇ. ಇಂಥ ಮನೆಯಲ್ಲಿ ಒಂದೇ ಕೆಲಸಕ್ಕೆ ಬರುವ ಸಾಮಾನು ಎಂದರೆ ದಂಡ.

1895ರ ಏಪ್ರಿಲ್ 24ರಂದು ಅವನು ಬಾಸ್ಟನ್ ಬಿಟ್ಟ. ಹೊರಡುವ ಮುಂಚೆ ಒಂದು ಮುಖ್ಯ ಸಲಕರಣೆಯನ್ನು ಕೈಬಿಟ್ಟಿದ್ದ: ಕ್ರೋನೋಮೀಟರ್, ಅಂದರೆ ಹಡಗಿನ ನಿಖರ ಗಡಿಯಾರ. ಅದನ್ನು ಸರಿಪಡಿಸಲು 15 ಡಾಲರ್ ಕೇಳಿದರು. ಅಷ್ಟು ಹಣ ಕೊಡಲೊಲ್ಲದೆ, ದಾರಿಯಲ್ಲಿ ಯಾರ್ಮತ್ ಎಂಬ ಊರಿನಲ್ಲಿ ಒಂದು ತಗಡಿನ ಗಡಿಯಾರ ಕೊಂಡ. ಬೆಲೆ ಒಂದೂವರೆ ಡಾಲರ್. ಮುಖ ಒಡೆದಿದ್ದರಿಂದ ಒಂದು ಡಾಲರಿಗೆ ಸಿಕ್ಕಿತು.

ಗಡಿಯಾರಕ್ಕೆ ಯಾಕೆ ಇಷ್ಟು ಮಹತ್ವ? ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನೀವಿರುವಲ್ಲಿ ನಡುಹಗಲಾದಾಗ ಗ್ರೀನಿಚ್‌ನಲ್ಲಿ ಎಷ್ಟು ಗಂಟೆ ಎಂದು ತಿಳಿದರೆ ನಿಮ್ಮ ರೇಖಾಂಶ ಸಿಗುತ್ತದೆ. ಗಡಿಯಾರ ನಾಲ್ಕೇ ನಿಮಿಷ ತಪ್ಪಿದರೆ ಸಮಭಾಜಕ ವೃತ್ತದ ಬಳಿ 111 ಕಿ.ಮೀ. ದೂರದ ತಪ್ಪು. ಸ್ಲೋಕಮ್‌ನ ಗಡಿಯಾರವೋ, ಹಿಂದೂ ಮಹಾಸಾಗರ ತಲುಪುವ ಹೊತ್ತಿಗೆ ನಿಮಿಷದ ಮುಳ್ಳನ್ನೇ ಕಳೆದುಕೊಂಡಿತ್ತು. ಅದನ್ನು ಬಿಸಿನೀರಿನಲ್ಲಿ ಕುದಿಸಿದ ಮೇಲೆ ಗಂಟೆ ಮಾತ್ರ ತೋರಿಸತೊಡಗಿತು!

ಹಾಗಾದರೆ ಅವನ ನಿಜವಾದ ಗಡಿಯಾರ ಯಾವುದು? ಚಂದ್ರ. ನಕ್ಷತ್ರಗಳ ಹಿನ್ನೆಲೆಯಲ್ಲಿ ಚಂದ್ರ ಗಂಟೆಗೆ ಸುಮಾರು ಅರ್ಧ ಡಿಗ್ರಿ, ಅಂದರೆ ತನ್ನ ಅಗಲದಷ್ಟೇ, ಪೂರ್ವಕ್ಕೆ ಸರಿಯುತ್ತಾನೆ. ಆಕಾಶವೇ ಗಡಿಯಾರದ ಮುಖ, ಚಂದ್ರನೇ ಮುಳ್ಳು. ಚಂದ್ರನಿಗೂ ಸೂರ್ಯನಿಗೂ ನಡುವಿನ ಕೋನವನ್ನು ಅಳೆದು ಪಂಚಾಂಗದೊಂದಿಗೆ ತಾಳೆ ನೋಡಿದರೆ ಗ್ರೀನಿಚ್ ಕಾಲ ಸಿಗುತ್ತದೆ. ಹೇಳುವುದು ಸುಲಭ. ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲಿನಷ್ಟು ಅಳತೆ ತಪ್ಪಿದರೂ ರೇಖಾಂಶದಲ್ಲಿ ಅರ್ಧ ಡಿಗ್ರಿ ತಪ್ಪುತ್ತದೆ. ಅದೂ ಅಲುಗಾಡುವ ದೋಣಿಯ ಮೇಲೆ ನಿಂತು ಅಳೆಯಬೇಕು.

1896ರಲ್ಲಿ ಪೆಸಿಫಿಕ್ ಸಾಗರದಲ್ಲಿ, ನೆಲ ಕಾಣದೆ ವಾರಗಳೇ ಕಳೆದಿದ್ದಾಗ, ಅವನು ಹೀಗೆ ಲೆಕ್ಕ ಹಾಕಿದ. ದೋಣಿ ತಾನು ಅಂದಾಜು ಮಾಡಿದ ಜಾಗಕ್ಕಿಂತ ನೂರಾರು ಮೈಲಿ ಆಚೆ ಇದೆ ಎಂದು ಬಂತು. ಇಲ್ಲಿ ಯಾರಾದರೂ ಗಾಬರಿಯಾಗಬೇಕು. ಇನ್ನೊಮ್ಮೆ ಎಚ್ಚರದಿಂದ ಅಳೆದ. ಉತ್ತರ ಸರಿಸುಮಾರು ಅದೇ. ಆಗ ಅವನು ತನ್ನನ್ನು ಬಿಟ್ಟು ಲಾಗರಿದಂ ಕೋಷ್ಟಕವನ್ನೇ ಅನುಮಾನಿಸಿ ಪರೀಕ್ಷಿಸಿದ. ಮುದ್ರಿತ ಪುಸ್ತಕದ ಒಂದು ಅಂಕಣದಲ್ಲಿ ಸಂಖ್ಯೆ ತಪ್ಪಾಗಿತ್ತು! ಸರಿಪಡಿಸಿ ಲೆಕ್ಕ ಹಾಕಿದಾಗ ಎರಡೂ ಐದು ಮೈಲಿಯೊಳಗೆ ಕೂಡಿದವು. ಹುವಾನ್ ಫರ್ನಾಂಡಿಸ್ ದ್ವೀಪ ಬಿಟ್ಟ ನಲವತ್ತಮೂರನೆಯ ದಿನ ನುಕು ಹಿವಾ ದ್ವೀಪ ಕಣ್ಣಿಗೆ ಬಿತ್ತು. ಪ್ರಾಥಮಿಕ ಶಾಲೆಯನ್ನೂ ಮುಗಿಸದವನು ಅಚ್ಚಾದ ಪುಸ್ತಕದ ತಪ್ಪು ಹಿಡಿದದ್ದು ಇಡೀ ಪ್ರಯಾಣದಲ್ಲಿ ಬಿರುಗಾಳಿಗಿಂತ ದೊಡ್ಡ ಘಟನೆ.

ಇನ್ನು ನಿದ್ರೆಯ ಪ್ರಶ್ನೆ. ಒಬ್ಬನೇ ಇರುವ ದೋಣಿಯಲ್ಲಿ ರಾತ್ರಿ ಚುಕ್ಕಾಣಿ ಹಿಡಿಯುವವರು ಯಾರು? ಯಾರೂ ಇಲ್ಲ. ಸ್ಲೋಕಮ್ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿ ಮಲಗುತ್ತಿದ್ದ. 1897ರಲ್ಲಿ ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಯನ್ನು ಸ್ಪ್ರೇ 23 ದಿನಗಳಲ್ಲಿ ದಾಟಿತು. ಅಷ್ಟು ದಿನಗಳಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಮೂರು ಗಂಟೆಗಿಂತ ಕಡಿಮೆ. ಬಹಳ ಜನ ನಂಬಲಿಲ್ಲ.

ಇದರಲ್ಲಿ ಪವಾಡವೇನಿಲ್ಲ. ಹಾಯಿಗಳ ಮೇಲೆ ಗಾಳಿಯ ಒತ್ತಡವೆಲ್ಲ ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿದಂತೆ ಕೆಲಸ ಮಾಡುತ್ತದೆ. ದೋಣಿಯ ಪಕ್ಕಕ್ಕೆ ನೀರು ಒಡ್ಡುವ ತಡೆಯೂ ಹಾಗೆಯೇ. ಈ ಎರಡು ಬಿಂದುಗಳು ಹಿಂದುಮುಂದಾದರೆ ದೋಣಿ ತಿರುಗುತ್ತದೆ, ಬಾಗಿಲಿನ ಅಂಚನ್ನು ತಳ್ಳಿದರೆ ಬಾಗಿಲು ತಿರುಗುವಂತೆ. ಹೊಂದಿಕೊಂಡರೆ ನೇರ ಸಾಗುತ್ತದೆ. ಸ್ಪ್ರೇಯ ಉದ್ದನೆಯ ನೇರ ಕೀಲ್ ಮತ್ತು ಅಗಲದ ಒಡಲಿನಲ್ಲಿ ಈ ಹೊಂದಾಣಿಕೆ ಅಪರೂಪಕ್ಕೆ ಕೂಡಿಬಂದಿತ್ತು. ಹಿಂದಿನಿಂದ ಗಾಳಿ ಬೀಸುವಾಗ ಮುಂದಿನ ಹಾಯಿಯನ್ನು ಬಿಗಿಯಾಗಿ ನಡುಮಧ್ಯಕ್ಕೆ ಎಳೆದು ಕಟ್ಟುತ್ತಿದ್ದ. ಮೂತಿ ದಾರಿ ತಪ್ಪಿ ತಿರುಗಿದರೆ ಆ ಹಾಯಿಗೆ ಗಾಳಿ ತುಂಬಿ ಮೂತಿಯನ್ನು ಮತ್ತೆ ದಾರಿಗೆ ತಳ್ಳುತ್ತಿತ್ತು. ಇವತ್ತು ವಿದ್ಯುತ್ತಿನಿಂದ ಮಾಡಿಸುವ ಕೆಲಸವನ್ನು ಅಂದು ಮರದ ಆಕಾರ ಪುಕ್ಕಟೆ ಮಾಡುತ್ತಿತ್ತು.

ರಕ್ಷಣೆಗೆ ಒಂದು ಚೀಲ ನೆಲಹಾಸಿನ ಮೊಳೆ ಇತ್ತು. ದಕ್ಷಿಣ ಅಮೆರಿಕದ ತುದಿಯಲ್ಲಿ ಒಬ್ಬ ಸ್ನೇಹಿತ ಕೊಟ್ಟದ್ದು. ರಾತ್ರಿ ಅಟ್ಟಣೆಯ ಮೇಲೆ ಚೆಲ್ಲಿ ಮಲಗಿದ, ಬರಿಗಾಲಲ್ಲಿ ಹತ್ತಿದ ಅಲ್ಲಿನ ಮೂಲನಿವಾಸಿಗಳು ಕಿರುಚುತ್ತ ನೀರಿಗೆ ಹಾರಿದರು. ಈ ಕಥೆಗೆ ಎಲ್ಲರೂ ನಗುತ್ತಾರೆ. ಆದರೆ ಅದೇ ವರ್ಷಗಳಲ್ಲಿ ಆ ನೆಲದ ಜನರನ್ನು ವಲಸೆ ಬಂದವರು ಬೇಟೆಯಾಡಿ ಮುಗಿಸುತ್ತಿದ್ದರು ಎಂಬುದನ್ನೂ ತಿಳಿದಿರಬೇಕು.

ದಕ್ಷಿಣ ಆಫ್ರಿಕದಲ್ಲಿ ಟ್ರಾನ್ಸ್‌ವಾಲ್‌ನ ಅಧ್ಯಕ್ಷ ಪಾಲ್ ಕ್ರೂಗರ್‌ನ ಭೇಟಿಯಾಯಿತು. ಪ್ರಪಂಚದ ಸುತ್ತ ಹೋಗುತ್ತಿದ್ದಾನೆ ಎಂದು ಪರಿಚಯಿಸಿದ್ದಕ್ಕೆ, ಭೂಮಿ ಚಪ್ಪಟೆಯೆಂದು ನಂಬಿದ್ದ ಕ್ರೂಗರ್, ಸುತ್ತ ಅಲ್ಲ, ಪ್ರಪಂಚದ ಒಳಗೆ ಎನ್ನಬೇಕು ಎಂದು ತಿದ್ದಿದನಂತೆ! ಸ್ಪ್ರೇ ಮಾತ್ರ 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ಬಂದರಿಗೆ ಮರಳಿತು. ಕ್ರಮಿಸಿದ್ದು ಸುಮಾರು 46,000 ಮೈಲಿ. ಒಂಟಿಯಾಗಿ ಭೂಮಿ ಸುತ್ತಿದ ಮೊದಲ ನಾವಿಕ ಎಂಬ ಹೆಸರು ಸ್ಲೋಕಮ್‌ಗೆ ಬಂತು.

ಇಷ್ಟಾದರೂ ಇವತ್ತು ಇಂಥ ದೋಣಿ ಮಾರಾಟಕ್ಕೆ ಬಂದರೆ ತಿಳಿದವರು ಯೋಚಿಸುತ್ತಾರೆ. ತಂಜಾವೂರು ಬೊಂಬೆಯನ್ನು ಎಷ್ಟು ಬಾಗಿಸಿದರೂ ಎದ್ದು ನಿಲ್ಲುತ್ತದೆ, ಭಾರವೆಲ್ಲ ತಳದಲ್ಲಿದೆ. ಊಟದ ಮಣೆಯನ್ನು ನೀರಿನಲ್ಲಿ ತೇಲಿಬಿಟ್ಟರೆ ಸುಲಭವಾಗಿ ಓರೆಯಾಗದು, ಅಗಲವೇ ಅದಕ್ಕೆ ಬಲ. ಆದರೆ ಒಮ್ಮೆ ಮಗುಚಿತೋ, ಬೆನ್ನಿನ ಮೇಲೂ ಅಷ್ಟೇ ನೆಮ್ಮದಿಯಾಗಿ ತೇಲುತ್ತದೆ. ಸ್ಪ್ರೇ ಮಣೆಯ ಜಾತಿ. ಅದರ ಕೀಲಿಗೆ ಸೀಸದ ಅಥವಾ ಕಬ್ಬಿಣದ ಭಾರ ಇರಲಿಲ್ಲ, ಒಡಲೊಳಗೆ ಸಿಮೆಂಟಿನ ಭಾರ ಮಾತ್ರ. ದೊಡ್ಡ ಅಲೆ ಪೂರ್ತಿ ಮಗುಚಿಬಿಟ್ಟರೆ ತಾನಾಗಿ ಎದ್ದು ನಿಲ್ಲಲಾರದು ಎಂದು ನಂತರದ ಹಡಗು ತಜ್ಞರು ಲೆಕ್ಕ ಹಾಕಿದ್ದಾರೆ. ಈಗಿನ ಸಾಗರ ದಾಟುವ ದೋಣಿಗಳಲ್ಲಿ ಹೆಚ್ಚಿನವಕ್ಕೆ ತಳದಲ್ಲಿ ಸೀಸ ಅಥವಾ ಕಬ್ಬಿಣ ಇರುತ್ತದೆ. ಕೊಳ್ಳುವವರು ಸೌರಫಲಕಕ್ಕಿಂತ ಮೊದಲು ಅದನ್ನು, ಅದನ್ನು ಹಿಡಿದಿರುವ ಬೋಲ್ಟುಗಳನ್ನು ನೋಡಬೇಕು. ಸ್ಲೋಕಮ್‌ಗೆ ಈಜು ಬರುತ್ತಿರಲಿಲ್ಲ.

1909ರ ನವೆಂಬರ್‌ನಲ್ಲಿ, 65ರ ಪ್ರಾಯದಲ್ಲಿ, ಅವನು ಅದೇ ದೋಣಿಯಲ್ಲಿ ದಕ್ಷಿಣ ಅಮೆರಿಕದತ್ತ ಹೊರಟ. ದೋಣಿಗೂ ಆಗ ವಯಸ್ಸಾಗಿತ್ತು. ಮಗುಚಿತೋ, ಹಲಗೆ ಬಿಟ್ಟಿತೋ, ಯಾವುದಾದರೂ ಉಗಿ ಹಡಗು ಕತ್ತಲಲ್ಲಿ ಡಿಕ್ಕಿ ಹೊಡೆಯಿತೋ, ಒಂದು ಹಲಗೆಯ ಚೂರೂ ಸಿಗಲಿಲ್ಲ. ಹದಿನೈದು ವರ್ಷ ಕಾದು, 1924ರಲ್ಲಿ ನ್ಯಾಯಾಲಯ ಅವನು ತೀರಿಕೊಂಡಿದ್ದಾನೆ ಎಂದು ಬರೆದುಕೊಂಡಿತು.