ಕನ್ನಡಿಯೊಳಗಿನ ಗಂಟು

ಕೈಗೆ ದಕ್ಕದ ವಸ್ತುವನ್ನು ಕನ್ನಡಿಯೊಳಗಿನ ಗಂಟೆಂದು ಕರೆಯುವುದು ಕನ್ನಡಿಗರ ವಾಡಿಕೆ. ಆ ಗಂಟನ್ನೇ ಮನೆಗೆ ಹೊತ್ತು ತರಹೊರಟ ಸಾಹಸಿಗಳು ಛಾಯಾಗ್ರಾಹಕರು. ಅವರಲ್ಲಿ ಅನೇಕರು ಮೊದಲ ಯತ್ನದಲ್ಲಿ ಬರಿಗೈಯಲ್ಲಿ ಹಿಂತಿರುಗುವುದಕ್ಕೆ ಕಾರಣವೂ ಆ ಮಾತಿನಲ್ಲಿಯೇ ಅಡಗಿದೆ. ಗಂಟು ಇರುವುದು ಕನ್ನಡಿಯ ಮೇಲಲ್ಲ, ಒಳಗೆ.

ಇದು ಬರಿಯ ಚಮತ್ಕಾರವಲ್ಲ. ನಿಲುವುಗನ್ನಡಿಯಿಂದ 3 ಅಡಿ ದೂರದಲ್ಲಿ ನಿಂತು ತನ್ನ ಚಿತ್ರವನ್ನು ತಾನೇ ತೆಗೆಯುವವನು ಮಸೂರವನ್ನು 3 ಅಡಿಗೆ ಹೊಂದಿಸಿದನೆನ್ನಿ. ಕನ್ನಡಿಯ ಚೌಕಟ್ಟೂ ಅದರ ಮೇಲಿನ ಧೂಳೂ ಸ್ಫುಟವಾಗಿ ಮೂಡುತ್ತವೆ. ಮುಖ ಮಾತ್ರ ಮಸುಕು. ಬೆಳಕು ಮುಖದಿಂದ ಕನ್ನಡಿಗೆ 3 ಅಡಿ, ಅಲ್ಲಿಂದ ಕ್ಯಾಮೆರಾಕ್ಕೆ ಮತ್ತೆ 3 ಅಡಿ ನಡೆದು ಬಂದಿದೆಯಷ್ಟೆ. ಹೊಂದಿಸಬೇಕಾದುದು 6 ಅಡಿಗೆ. ಅಂತೆಯೇ ಕೆರೆಯ ನೀರು ಕಾಲಬುಡದಲ್ಲಿಯೇ ಇದ್ದರೂ ಅದರಲ್ಲಿ ಕಾಣುವ ಬೆಟ್ಟ ಹರದಾರಿಯಾಚೆಯದೇ. ಸಣ್ಣ ಮಸೂರದ ಮೊಬೈಲು ಕ್ಯಾಮೆರಾಗಳಲ್ಲಿ ಈ ತೊಡಕು ಕಡಿಮೆ.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ಪ್ರತಿಬಿಂಬವೆಂದರೆ ಮೇಲಿನ ನೋಟವನ್ನು ತಲೆಕೆಳಗು ಮಾಡಿದ ನಕಲೆಂದು ಎಲ್ಲರ ಎಣಿಕೆ. ಹಾಗಲ್ಲ. ಕ್ಯಾಮೆರಾ ನೀರಿನ ಮಟ್ಟದಿಂದ 5 ಅಡಿ ಮೇಲಿದ್ದರೆ, ಆ ಮಟ್ಟದಿಂದ 5 ಅಡಿ ಕೆಳಗೆ, ನಡುವೆ ನೀರೇ ಇಲ್ಲದಂತೆ, ನೆಟ್ಟ ಕಣ್ಣಿಗೆ ಏನು ಕಾಣಬೇಕೋ ಅದನ್ನು ಬಿಂಬ ತೋರಿಸುತ್ತದೆ. ಬಾಗಿದ ಹೊಂಗೆಯ ಕೊಂಬೆಯಲ್ಲಿ ನೇರ ನೋಟಕ್ಕೆ ಎಲೆಗಳ ಮೇಲ್ಮೈ ಕಂಡರೆ ನೀರಿನಲ್ಲಿ ಅವುಗಳ ಅಡಿಮೈ ಕಾಣುತ್ತದೆ. ಕೊಳದ ಮೆಟ್ಟಿಲಿನ ಮೇಲೆ ಕೊಡ ತುಂಬಲು ಬಾಗಿದ ಹೆಂಗಸಿನ ಮುಖ ದಡದಲ್ಲಿ ನಿಂತವನಿಗೆ ಕಾಣದು. ಅವನಿಗೆ ಕಾಣುವುದು ತುರುಬು, ಸೆರಗು, ಬೆನ್ನು. ಆದರೆ ನೀರು ಆ ಮುಖವನ್ನೇ ಅವನತ್ತ ಎತ್ತಿ ಹಿಡಿದಿರುತ್ತದೆ. ಹಿಂದೆ ಆಕಾಶ ಬೆಳಗುತ್ತಿರುವುದರಿಂದ ಮುಖ ಕಪ್ಪಾಗುವ ಭಯವುಂಟು. ಬೆಳಕಿನ ಅಳತೆಯನ್ನು ಮುಖಕ್ಕೇ ಹೊಂದಿಸಬೇಕು. ಅದೂ ಕೊಡ ನೀರಿಗೆ ತಾಗುವ ಮುನ್ನ! ತಾಗಿದ ಮೇಲೆ ಉಳಿಯುವುದು ಅಲೆ ಮಾತ್ರ. ಛಾಯಾಗ್ರಾಹಕನು ಎಷ್ಟು ತಗ್ಗಿ ಕುಳಿತರೆ ಬಿಂಬ ಅಷ್ಟು ಉಜ್ವಲ. ನೆಟ್ಟಗೆ ಮೇಲಿನಿಂದ ಬಿದ್ದ ಬೆಳಕಿನಲ್ಲಿ ನೀರು ನೂರಕ್ಕೆ 2 ಪಾಲನ್ನಷ್ಟೇ ಹಿಂದಿರುಗಿಸಿದರೆ, ಮೈ ಸವರಿದಂತೆ ಓರೆಯಾಗಿ ಬಂದುದನ್ನು ಬಹುಮಟ್ಟಿಗೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ.

ಗಾಜಿನ ಸ್ವಭಾವ ಬೇರೆ. ತನ್ನ ಹಿಂದಿರುವುದನ್ನೂ ಮುಂದಿರುವುದನ್ನೂ ಅದು ಒಟ್ಟಿಗೆ ತೋರುತ್ತದೆ. ಸೀರೆ ಅಂಗಡಿಯ ಗಾಜಿನ ಮುಂದೆ ನಿಂತ ಗೃಹಿಣಿಗೆ ಸೀರೆಯಷ್ಟೇ ಕಾಣುತ್ತದೆ, ಬೀದಿ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಆ ಜಾಣಕುರುಡಿಲ್ಲ. ಆದುದರಿಂದ ಗಾಜಿನ ಮೇಲಿನ ಬಿಂಬವನ್ನು ದೋಷವೆಂದೇ ಬಗೆದು, ಪೋಲರೈಸಿಂಗ್ ಫಿಲ್ಟರನ್ನು ತಿರುಗಿಸಿ ಅಳಿಸುವವರೇ ಹೆಚ್ಚು. ಲಂಬದಿಂದ ಸುಮಾರು 56 ಡಿಗ್ರಿ ಓರೆಯಲ್ಲಿ ನಿಂತರೆ ಅದು ಚೆನ್ನಾಗಿ ಫಲಿಸುತ್ತದೆ. ಲೋಹದ ಹೊಳಪಿನ ಮುಂದೆ ಮಾತ್ರ ಅದರ ಆಟ ನಡೆಯದು.

ಪ್ಯಾರಿಸಿನ ಯೂಜೆನ್ ಅಟ್ಜೆಯ (1857-1927) ಕಾಲಕ್ಕೆ ಅಂತಹ ಫಿಲ್ಟರು ಪೇಟೆಗೆ ಬಂದಿರಲಿಲ್ಲ. ಅದು ಒಳ್ಳೆಯದೇ ಆಯಿತೆನ್ನಬೇಕು. ಹಳೆಯ ಪ್ಯಾರಿಸಿನ ಬೀದಿ ಬಾಗಿಲುಗಳ ಚಿತ್ರಗಳನ್ನು ತೆಗೆದು ಚಿತ್ರಕಾರರಿಗೂ ಗ್ರಂಥಾಲಯಗಳಿಗೂ ಮಾರಿ ಬದುಕಿದವನು ಆತ. 1925ರಲ್ಲಿ ಗೊಬ್ಲೆಂ ಬೀದಿಯ ಒಂದು ಸಿದ್ಧ ಉಡುಪಿನ ಅಂಗಡಿಯನ್ನು ಚಿತ್ರಿಸಿದ. ಒಳಗೆ ಕೋಟು ತೊಟ್ಟ ಗೊಂಬೆಗಳು. ಅವುಗಳ ಮೇಲೆಯೇ ಎದುರು ಬದಿಯ ಮರಗಳೂ ಕಟ್ಟಡವೂ ಹರಡಿವೆ. ಗೊಂಬೆಗಳು ಅಂಗಡಿಯಲ್ಲಿವೆಯೋ ಬೀದಿಯಲ್ಲಿವೆಯೋ ಹೇಳಲಾಗದು. ಉಡುಪಿನ ದಾಖಲೆಯಾಗಿ ನೋಡಿದರೆ ಅದು ಕೆಟ್ಟ ಚಿತ್ರ. ಆದರೆ ಆ ಉಡುಪನ್ನು ನೋಡಲೆಂದು ಇಂದು ಯಾರೂ ಅದರ ಮುಂದೆ ನಿಲ್ಲುವುದಿಲ್ಲ. ಆತನು ಬಿಟ್ಟುಹೋದ ಸಾವಿರಾರು ಚಿತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1968ರಲ್ಲಿ ಕೊಂಡುಕೊಂಡಿತು.

ಇದಕ್ಕೂ ಹಿಂದೆ, 1908ರಲ್ಲಿ, ಆತ ಒಂದು ಪಾನಗೃಹದ ಗಾಜಿನ ಬಾಗಿಲನ್ನು ಚಿತ್ರಿಸಿದ್ದ. ಒಳಗಿನಿಂದ ಕುತೂಹಲದ ಮುಖಗಳು ಹೊರಗೆ ಇಣುಕುತ್ತಿವೆ. ಅದೇ ಗಾಜಿನಲ್ಲಿ ಬೀದಿಯೂ, ಮುಕ್ಕಾಲಿಯ ಮೇಲಿನ ಕ್ಯಾಮೆರಾವೂ, ಅದರ ಬಳಿ ನಿಂತ ಅಟ್ಜೆಯೂ ಸಿಕ್ಕಿಬಿದ್ದಿದ್ದಾರೆ. ಆ ಚಿತ್ರವನ್ನು ಆತ ಎಸೆಯಲಿಲ್ಲ.