ಪೈಪು ಕಂಪನಿಯದು, ಸೋರುವ ಜಾಯಿಂಟು ನಮ್ಮದು



ಹೊಳೆಯಿಂದ ಹೊಲಕ್ಕೆ ನೀರೆತ್ತಲು ಹತ್ತಾರು ಮನೆಯವರು ಕೂಡಿ ಸಾಲ ಮಾಡಿ ಪೈಪ್‌ಲೈನ್ ಹಾಕಿಸುವುದು ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ಹಳೆಯ ರೂಢಿ. ದೊಡ್ಡ ಅಳತೆಯ ಲೈನಾದರೆ ಗಾಜಿನ ನಾರಿನ ಪೈಪಿನ, ಅಂದರೆ ಎಫ್.ಆರ್.ಪಿ. ಪೈಪಿನ ಮಾತೂ ಬರುತ್ತದೆ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಸುತ್ತಿ ಮಾಡಿದ ಪೈಪು ಇದು. ತುಕ್ಕು ಹಿಡಿಯುವುದಿಲ್ಲ, ಕಬ್ಬಿಣಕ್ಕಿಂತ ಬಹಳ ಹಗುರ, ಒಳಮೈ ನುಣುಪು. ಎಲ್ಲ ಖರೆ. ಮಾರುವವರು ಮೀಟರಿಗೆ ಇಷ್ಟು ಅಂತ ದರ ಹೇಳ್ತಾರೆ, ನಾವೂ ಮೀಟರಿನ ಲೆಕ್ಕದಲ್ಲೇ ಚೌಕಾಶಿ ಮಾಡ್ತೇವೆ. ಒಂದು ಪೈಪಿಗೆ ಇನ್ನೊಂದನ್ನು ಹ್ಯಾಗೆ ಕೂಡಿಸ್ತೀರಿ ಅಂತ ಕೇಳುವವರು ಮಾತ್ರ ಕಡಿಮೆ.

ಲೆಕ್ಕ ಹಾಕಿ ನೋಡಿ. 12 ಮೀಟರ್ ಉದ್ದದ ಪೈಪಾದರೆ 2 ಕಿಲೋಮೀಟರ್ ಲೈನಿಗೆ 160ಕ್ಕೂ ಮೇಲೆ ಜಾಯಿಂಟು. 6 ಮೀಟರಿನದಾದರೆ 330ಕ್ಕೂ ಮೇಲೆ. ಒಂದು ಜಾಯಿಂಟು 10 ಸೆಕೆಂಡಿಗೆ ಒಂದು ಲೀಟರ್ ಸೋರಿದರೆ ಗಂಟೆಗೆ 360 ಲೀಟರ್. ಪಂಪು 7 ಗಂಟೆ ನಡೆದರೆ 2,520 ಲೀಟರ್. ಅಂಥವು ಇಪ್ಪತ್ತು ಇದ್ದರೆ ದಿನಕ್ಕೆ 50 ಸಾವಿರ ಲೀಟರ್ ಮಣ್ಣುಪಾಲು. ಲೈನಿನ ಕೊನೆಯ ಹೊಲದವನಿಗೆ ಆ ನೀರು ಮುಟ್ಟುವುದಿಲ್ಲ. ಸಾಲದ ಕಂತು ಮಾತ್ರ ಮೊದಲ ಹೊಲದವನಿಗೆ ಬಂದಷ್ಟೇ ಅವನಿಗೂ ಬರುತ್ತದೆ.

ಈ ಪೈಪುಗಳನ್ನು ಕೂಡಿಸುವ ಬಗೆ ಹಲವು. ಹೆಚ್ಚು ಕಾಣುವುದು ರಬ್ಬರ್ ಉಂಗುರದ ಜಾಯಿಂಟು. ಒಂದರ ಅಗಲ ಬಾಯಿಗೆ, ಇಲ್ಲವೇ ನಡುವಿನ ತೋಳಿಗೆ, ಇನ್ನೊಂದರ ತುದಿಯನ್ನು ತಳ್ಳಿ ಕೂಡಿಸುವುದು. ಕೆಲಸ ಬೇಗ ಆಗುತ್ತದೆ, ಮಳೆಯಲ್ಲೂ ನಿಲ್ಲುವುದಿಲ್ಲ, ಬೇಕಾದರೆ ಬಿಚ್ಚಬಹುದು, ನೆಲ ಸ್ವಲ್ಪ ಕುಸಿದರೂ ತಾಳಿಕೊಳ್ಳುತ್ತದೆ. ಉಂಗುರದ ಗುಣಿಯಲ್ಲಿ ಮರಳು ಕೂತರೆ ಮಾತ್ರ ಸೋರಿತು ಅಂತಲೇ ತಿಳಿಯಿರಿ. ಜಾರಲಿ ಅಂತ ಗಾಡಿಯ ಗ್ರೀಸು ಹಚ್ಚುವವರಿದ್ದಾರೆ. ಅದು ರಬ್ಬರನ್ನು ತಿನ್ನುತ್ತದೆ. ಸಾಬೂನಿನಂಥದೇ ಆಗಬೇಕು.

ಇದರ ದೊಡ್ಡ ಕೊರತೆ ಬೇರೆ. ಈ ಜಾಯಿಂಟು ನೀರನ್ನು ಹಿಡಿಯುತ್ತದೆ, ಪೈಪನ್ನು ಹಿಡಿಯುವುದಿಲ್ಲ. ಲೈನು ತಿರುಗುವಲ್ಲಿ ನೀರಿನ ಒತ್ತಡ ಬೆಂಡನ್ನು ಹೊರಕ್ಕೆ ನೂಕುತ್ತದೆ. 300 ಮಿಲಿಮೀಟರ್ ಪೈಪು, 60 ಮೀಟರ್ ಎತ್ತರದ ಒತ್ತಡ, ಕಾಟಕೋನದ ತಿರುವು ಇದ್ದರೆ ಆ ನೂಕು ಸುಮಾರು 6 ಟನ್. ಅದನ್ನು ತಡೆಯುವುದು ಬೆಂಡಿನ ಬೆನ್ನಿಗೆ ಹಾಕುವ ಕಾಂಕ್ರೀಟಿನ ಆಸರೆ ಕಟ್ಟೆ. ಗುತ್ತಿಗೆದಾರ ಉಳಿತಾಯ ಅಂತ ಬಿಡುವುದೂ ಅದನ್ನೇ. ಮೇಲೆ ನಮ್ಮ ಕರೆಂಟಿನ ಗತಿ ಗೊತ್ತೇ ಇದೆ. ಪಂಪು ತುಂಬಿ ಹರಿಸುವಾಗ ತಟ್ಟನೆ ಹೋದರೆ ನೀರು ಹಿಂದಕ್ಕೆ ಬಂದು ಬಡಿಯುತ್ತದೆ. ಕಟ್ಟೆ ಇಲ್ಲದ ಜಾಯಿಂಟು ಕಳಚುವುದು ಇಂಥ ಹೊತ್ತಿನಲ್ಲೇ.

ಇನ್ನೊಂದು ಬಗೆ, ಎರಡು ತುದಿಗಳನ್ನು ಉಜ್ಜಿ ಒರಟು ಮಾಡಿ, ಎದುರುಬದುರು ಇಟ್ಟು, ರಾಳದಲ್ಲಿ ಅದ್ದಿದ ಗಾಜಿನ ನಾರಿನ ಪಟ್ಟಿಯನ್ನು ಸುತ್ತುವುದು. ಗಟ್ಟಿಯಾದ ಮೇಲೆ ಎರಡೂ ಒಂದೇ ಪೈಪು, ಎಳೆತವನ್ನೂ ತಡೆಯುತ್ತದೆ. ತಿರುವು, ಇಳಿಜಾರು, ಹಳ್ಳ ದಾಟುವ ಕಡೆ ಇದೇ ಮೇಲು. ಆದರೆ ಇದು ಪೂರ್ತಿ ಕೈಕೆಲಸ. ತೇವ, ಧೂಳು ಆಗದು. ರಾಳಕ್ಕೆ ಬೆರೆಸುವ ಗಟ್ಟಿಕಾರಕ ಹೆಚ್ಚುಕಡಿಮೆ ಆಗಬಾರದು. ಗಟ್ಟಿಯಾಗುವ ತನಕ ಅಲುಗಿಸಬಾರದು. ಪಳಗಿದ ಕೈ ಬೇಕು, ಕೂಲಿ ಹೆಚ್ಚು, ಬಿಚ್ಚಬೇಕೆಂದರೆ ಕೊಯ್ಯಬೇಕು. ಉದ್ದಕ್ಕೂ ಇದನ್ನೇ ಮಾಡಿಸಿದರೆ ಸಾಲ ಏರುತ್ತದೆ. ಬರೀ ಅಂಟಿನಿಂದ ಕೂಡಿಸುವುದೂ ಉಂಟು, ಅದು ಸಣ್ಣ ಅಳತೆಗೆ.

ಬೋಲ್ಟು ಹಾಕುವ ಫ್ಲ್ಯಾಂಜು ಪಂಪು, ವಾಲ್ವುಗಳ ಹತ್ತಿರ ಸಾಕು. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕಬ್ಬಿಣ ಅಂತ ತಿಳಿದು ತಿರುವಿದರೆ ಈ ಫ್ಲ್ಯಾಂಜು ಸೀಳುತ್ತದೆ.

ಆದ್ದರಿಂದ ನೇರ ಲೈನಿಗೆ ರಬ್ಬರ್ ಉಂಗುರ, ತಿರುವಿಗೆ ಸುತ್ತುಪಟ್ಟಿ ಇಲ್ಲವೇ ಉಂಗುರದ ಜೊತೆ ಆಸರೆ ಕಟ್ಟೆ, ಇದು ನನ್ನ ಮಾತು. ಯಾವ ಕಡೆ ಯಾವ ಜಾಯಿಂಟು, ಎಷ್ಟು, ಕಟ್ಟೆ ಎಷ್ಟು ಅಂತ ಅಂದಾಜು ಪಟ್ಟಿಯಲ್ಲಿ ಬೇರೆ ಬೇರೆ ಬರೆಸಿ. ಈ ಪೈಪಿಗೂ ಅದರ ಜಾಯಿಂಟಿಗೂ ಐ.ಎಸ್. 12709 ಅನ್ನುವ ಭಾರತೀಯ ಮಾನಕ ಇದೆ, ಅದನ್ನೂ ಕರಾರಿನಲ್ಲಿ ಸೇರಿಸಿ. ಕುಡಿಯುವ ನೀರಿಗೆ ಮಾಡಿದ ಮಾನಕ ಹೊಲದ ನೀರಿಗೆ ಯಾಕೆ ಅಂದರೆ, ಒತ್ತಡ ಎರಡಕ್ಕೂ ಒಂದೇ ಅನ್ನಿ. ಜಾಯಿಂಟುಗಳ ಮೇಲೆ ಮಣ್ಣು ಮುಚ್ಚುವ ಮೊದಲು ನೀರು ತುಂಬಿ, ಒತ್ತಡ ಕೊಟ್ಟು, ನಮ್ಮ ಕಣ್ಣೆದುರಿಗೆ ತೋರಿಸಲಿ. ಕೊನೆಯ ಬಿಲ್ಲು ಆಮೇಲೆ.

1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನರಗುಂದ, ನವಲಗುಂದಗಳಲ್ಲಿ ಬೀದಿಗಿಳಿದದ್ದು ಬೆಟರ್‌ಮೆಂಟ್ ಲೆವಿಯ ವಿರುದ್ಧ. ನೀರು ನೆಟ್ಟಗೆ ಮುಟ್ಟದ ಹೊಲಕ್ಕೂ ಕರ ಕೇಳಿದರು ಅನ್ನುವುದೇ ಆ ಸಿಟ್ಟಿನ ಬೇರು. ಪೈಪ್‌ಲೈನಿನ ಸಾಲದಲ್ಲೂ ನಮ್ಮ ಬೇಡಿಕೆ ಅದೇ: ಕೊನೆಯ ಹೊಲಕ್ಕೆ ನೀರು ಬಿದ್ದ ದಿನದಿಂದ ಬ್ಯಾಂಕು ಕಂತು ಎಣಿಸಲಿ, ಗುತ್ತಿಗೆದಾರನಿಗೆ ಚೆಕ್ಕು ಹರಿದುಕೊಟ್ಟ ದಿನದಿಂದಲ್ಲ. ಸಹಿ ಹಾಕುವ ಮೊದಲು ಕರಾರು ಪತ್ರದ ನಕಲನ್ನು ನಿಮ್ಮೂರಿನ ಸಂಘದ ಬೈಠಕ್ಕಿಗೆ ತನ್ನಿ, ಕೂತು ಓದೋಣ.