ಓವರ್‌ಟೇಕ್ ಮಾಡಿದವನು ನಿಮಗೆ ಅವಮಾನ ಮಾಡಿದನೇ? ಹೆದ್ದಾರಿಯಲ್ಲಿ ಅಹಂ ಕೆರಳುವುದು ಯಾಕೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಕಾರು 100ರಲ್ಲಿದೆ, ಹಾಡು ಹಾಕಿದ್ದೀರಿ, ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಮಾಡುತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಗಾಡಿ ಹೈಬೀಮ್ ಮಿನುಗಿಸುತ್ತಾ ಬಂದು, ಎಡಗಡೆಯಿಂದ ನುಗ್ಗಿ, ನಿಮ್ಮ ಮೂತಿಗೆ ಸವರಿದಂತೆ ಮುಂದೆ ಹೋಗುತ್ತದೆ. ಮರುಕ್ಷಣವೇ ನಿಮ್ಮ ಬಲಗಾಲು ಆಕ್ಸಿಲರೇಟರನ್ನು ಒತ್ತಿರುತ್ತದೆ. ಸ್ಪೀಡೋಮೀಟರ್ 120, 130 ತೋರಿಸುತ್ತಿದೆ. "ರೀ, ನಿಧಾನ" ಎಂಬ ದನಿ ಕೇಳಿದ ಮೇಲೆಯೇ ನಿಮಗೆ ಎಚ್ಚರ.

ಯಾವ ತುರ್ತೂ ಇರಲಿಲ್ಲ. ಹಾಗಾದರೆ ಆ ಕಾಲನ್ನು ಒತ್ತಿಸಿದ್ದು ಏನು?

"ಅಪಘಾತ ಮಾಡುವವರು ಓಡಿಸಲು ಬಾರದವರು, ಕೈ ಪಳಗಿದವರಿಗೆ ಸ್ಪೀಡ್ ಲೆಕ್ಕವಲ್ಲ" ಎಂಬ ಮಾತು ಗ್ರೂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಓದುವವರೆಲ್ಲ ತಲೆದೂಗುತ್ತಾರೆ, ಯಾಕೆಂದರೆ ಓದುವವರೆಲ್ಲರೂ ತಮ್ಮನ್ನು ಕೈ ಪಳಗಿದವರ ಸಾಲಿನಲ್ಲೇ ಇಟ್ಟುಕೊಂಡಿರುತ್ತಾರೆ. 1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು, ನಿಮ್ಮ ಗುಂಪಿನಲ್ಲಿ ಉಳಿದವರಿಗೆ ಹೋಲಿಸಿದರೆ ನೀವು ಎಷ್ಟು ಚೆನ್ನಾಗಿ ಓಡಿಸುತ್ತೀರಿ ಎಂದು ಕೇಳಿದ್ದರು. ಅಮೆರಿಕದವರಲ್ಲಿ ಶೇ 93, ಸ್ವೀಡನ್ನಿನವರಲ್ಲಿ ಶೇ 69 ಮಂದಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಎಂದರು. ನೂರರಲ್ಲಿ ತೊಂಬತ್ತಮೂರು ಜನ ಮೇಲಿನ ಐವತ್ತರೊಳಗೆ ಹಿಡಿಸುವುದು ಹೇಗೆ? ನಮ್ಮೂರಲ್ಲಿ ಕೇಳಿದರೂ ಉತ್ತರ ತೀರಾ ಬೇರೆಯಾಗಿರಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಕಾರಿನೊಳಗೆ ಕೂತಾಗ ನಾವು ಬೇರೆಯವರಾಗುವುದು ಯಾಕೆ

ಮದುವೆ ಊಟದ ಸಾಲಿನಲ್ಲಿ ಯಾರಾದರೂ ಅಡ್ಡ ಬಂದರೆ ಅವರ ಮುಖ ಕಾಣುತ್ತದೆ. ಅವರು "ಸಾರಿ ಸರ್, ಅಜ್ಜಿಗೆ ತಟ್ಟೆ ಕೊಡಬೇಕಿತ್ತು" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೆದ್ದಾರಿಯಲ್ಲಿ ಮುಖ ಕಾಣುವುದಿಲ್ಲ. ಕಾಣುವುದು ಹಿಂದಿನ ಗಾಜು, ನಂಬರ್ ಪ್ಲೇಟು. ಕ್ಷಮೆ ಕೇಳಲು ದಾರಿಯಿಲ್ಲ. ಹಾರ್ನ್ ಮತ್ತು ಲೈಟ್ ಬಿಟ್ಟರೆ ಬೇರೆ ಭಾಷೆಯೇ ಇಲ್ಲ, ಅವೆರಡೂ ಬೈಗುಳದಂತೆಯೇ ಕೇಳಿಸುತ್ತವೆ.

ಇದರ ಮೇಲೆ ಮನಸ್ಸಿನ ಒಂದು ಹಳೆಯ ಚಾಳಿ ಸೇರಿಕೊಳ್ಳುತ್ತದೆ. ನಾವು ಅಡ್ಡ ನುಗ್ಗಿದರೆ ಅದಕ್ಕೆ ಕಾರಣವಿರುತ್ತದೆ: ತಡವಾಗಿತ್ತು, ಎಕ್ಸಿಟ್ ತಪ್ಪಿಹೋಗುತ್ತಿತ್ತು. ಬೇರೆಯವರು ನುಗ್ಗಿದರೆ ಅದು ಅವರ ಗುಣ: ದುರಹಂಕಾರಿ, ದುಡ್ಡಿನ ಮದ. ತನ್ನ ತಪ್ಪಿಗೆ ಸಂದರ್ಭವನ್ನೂ ಇತರರ ತಪ್ಪಿಗೆ ಅವರ ಸ್ವಭಾವವನ್ನೂ ಹೊಣೆ ಮಾಡುವ ಈ ಪ್ರವೃತ್ತಿಯ ಬಗ್ಗೆ ಮನಶ್ಶಾಸ್ತ್ರದಲ್ಲಿ 1970ರ ದಶಕದಿಂದಲೂ ಚರ್ಚೆ ನಡೆದಿದೆ. ಆ ದೊಡ್ಡ ಗಾಡಿಯವನು ಆಸ್ಪತ್ರೆಗೆ ಓಡುತ್ತಿದ್ದಾನೋ, ಸುಮ್ಮನೆ ಮೆರೆಯುತ್ತಿದ್ದಾನೋ ನಿಮಗೆ ಗೊತ್ತಿಲ್ಲ. ಆದರೆ ಮನಸ್ಸು ಅಷ್ಟರಲ್ಲೇ ತೀರ್ಪು ಕೊಟ್ಟಾಗಿರುತ್ತದೆ.

ಗಾಡಿಯ ದರ್ಜೆಯೂ ಈ ಲೆಕ್ಕದಲ್ಲಿ ಬರುತ್ತದೆ. 1968ರಲ್ಲಿ ಅಮೆರಿಕದಲ್ಲಿ ಆಂಥನಿ ಡೂಬ್ ಮತ್ತು ಆಲನ್ ಗ್ರಾಸ್ ಒಂದು ಪ್ರಯೋಗ ಮಾಡಿದರು. ಸಿಗ್ನಲ್ ಹಸಿರಾದ ಮೇಲೂ ಮುಂದಿನ ಕಾರು ಹಾಗೇ ನಿಂತಿರುತ್ತದೆ, ಒಮ್ಮೆ ದುಬಾರಿ ಹೊಸ ಕಾರು, ಇನ್ನೊಮ್ಮೆ ಅಗ್ಗದ ಹಳೆಯ ಕಾರು. ಹಳೆಯ ಕಾರಿನ ಹಿಂದೆ ನಿಂತವರು ಬೇಗ ಹಾರ್ನ್ ಹೊಡೆದರು. ತಮಾಷೆಯೆಂದರೆ, ಇದೇ ಪ್ರಶ್ನೆಯನ್ನು ಕಾಗದದ ಮೇಲೆ ಕೇಳಿದಾಗ ಗಂಡಸರು "ದುಬಾರಿ ಕಾರಿಗೇ ಮೊದಲು ಹೊಡೆಯುತ್ತೇವೆ" ಎಂದಿದ್ದರು! ರಸ್ತೆಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಸಣ್ಣ ಕಾರೊಂದು ಓವರ್‌ಟೇಕ್ ಮಾಡಿದಾಗ ದೊಡ್ಡ ಕಾರಿನವರಿಗೆ ಯಾಕೆ ಅಷ್ಟು ಉರಿಯುತ್ತದೆ ಎಂಬುದಕ್ಕೂ ಇಲ್ಲೇ ಸುಳಿವಿದೆ.

2008ರಲ್ಲಿ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದವರು ಇನ್ನೊಂದನ್ನು ಗಮನಿಸಿದರು. ಗಾಡಿಗೆ ಹೆಚ್ಚು ಸ್ಟಿಕ್ಕರ್, ಅಲಂಕಾರ ಮಾಡಿಸಿಕೊಂಡವರು ಹೆಚ್ಚು ಆಕ್ರಮಣಕಾರಿಯಾಗಿ ಓಡಿಸುತ್ತೇವೆ ಎಂದು ತಾವೇ ಒಪ್ಪಿಕೊಂಡಿದ್ದರು. ಸ್ಟಿಕ್ಕರಿನಲ್ಲಿ ಏನು ಬರೆದಿತ್ತು ಎಂಬುದು ಮುಖ್ಯವಾಗಲಿಲ್ಲ. ಸ್ಟಿಕ್ಕರ್ ಅಂಟಿಸಿದ್ದರಿಂದಲೇ ಕೋಪ ಬರುತ್ತದೆ ಎಂದಲ್ಲ. ಗಾಡಿಯನ್ನು "ನನ್ನ ಜಾಗ" ಎಂದು ಗಟ್ಟಿಯಾಗಿ ಭಾವಿಸುವವರು ಅದರ ಮುಂದಿನ ರಸ್ತೆಯನ್ನೂ ತಮ್ಮದೇ ಎಂದುಕೊಳ್ಳುತ್ತಾರೆ ಎಂಬುದು ಅವರ ವಿವರಣೆ. ನಮ್ಮಲ್ಲಿ ಹಿಂದಿನ ಗಾಜಿನ ಮೇಲೆ ಜಾತಿ, ಹುದ್ದೆ, ಪಕ್ಷ ಎಲ್ಲ ಬರೆಸಿಕೊಳ್ಳುತ್ತೇವೆ. ಅಂಥ ಗಾಡಿಯನ್ನು ಹಿಂದೆ ಹಾಕಿದರೆ ಹಿಂದೆ ಬಿದ್ದದ್ದು ಗಾಡಿ ಮಾತ್ರವಲ್ಲ ಎಂದು ಒಳಗಿದ್ದವರಿಗೆ ಅನ್ನಿಸಿದರೆ ಆಶ್ಚರ್ಯವೇನಿಲ್ಲ.

ಲೆಕ್ಕ ಹಾಕಿ ನೋಡೋಣ

100 ಕಿ.ಮೀ. ವೇಗದಲ್ಲಿ ನಿಮ್ಮ ಮುಂದೆ ಒಂದು ಕಾರು ಸೇರಿಕೊಂಡಿತು, ಅದಕ್ಕಾಗಿ ನೀವು 50 ಮೀಟರ್ ಹಿಂದೆ ಸರಿಯಬೇಕಾಯಿತು ಎನ್ನೋಣ. ನಿಮಗಾದ ನಷ್ಟ ಎರಡು ಸೆಕೆಂಡಿಗೂ ಕಡಿಮೆ. ಇಡೀ ಹೆದ್ದಾರಿಯ ಸುಮಾರು 119 ಕಿ.ಮೀ.ಯನ್ನು ಎಲ್ಲೂ ನಿಲ್ಲದೆ 100ರ ಬದಲು 120ರಲ್ಲಿ ಹೋದರೂ ಉಳಿಯುವುದು 12 ನಿಮಿಷ. ಬೆಂಗಳೂರಿನ ಒಳಗೆ ಬಂದ ಮೇಲೆ ಒಂದೆರಡು ಸಿಗ್ನಲ್ಲುಗಳು ಅದನ್ನು ನುಂಗಿಹಾಕುತ್ತವೆ.

ಈಗ ಬ್ರೇಕಿನ ಲೆಕ್ಕ. ಮುಂದೆ ಏನೋ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕು ಎಂದುಕೊಳ್ಳಿ. ರಸ್ತೆ ಒಣಗಿದೆ, ಟೈರು ಚೆನ್ನಾಗಿದೆ. 100ರಲ್ಲಿ ಇರುವ ಕಾರು ನಿಲ್ಲಲು ಸುಮಾರು 97 ಮೀಟರ್ ಬೇಕು. 140ರಲ್ಲಿ ಇದ್ದರೆ ಸುಮಾರು 166 ಮೀಟರ್. ಇಷ್ಟೇ ಅಲ್ಲ. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ 110 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಇರುತ್ತದೆ. ಕೈ ಎಷ್ಟೇ ಪಳಗಿರಲಿ, ಈ ಲೆಕ್ಕದಲ್ಲಿ ಕೈಗೆ ಜಾಗವೇ ಇಲ್ಲ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅದರಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ. ಪೊಲೀಸರ ನಮೂನೆಯಲ್ಲಿ "ಅತಿವೇಗ" ಎಂಬ ಕಾಲಂ ಇದೆ, "ಹಟ" ಎಂಬ ಕಾಲಂ ಇಲ್ಲ. ಹಾಗಾಗಿ ಅವುಗಳಲ್ಲಿ ಎಷ್ಟು ಅಹಂಕಾರದ ಪಾಲು ಎಂದು ಯಾರಾದರೂ ಅಂಕಿ ಕೊಟ್ಟು ಫಾರ್ವರ್ಡ್ ಮಾಡಿದರೆ ನಂಬಬೇಡಿ.

ಬಲಗಡೆ ಲೇನಿನ "ಸಭ್ಯ" ಅಹಂ

ಇಲ್ಲಿಯವರೆಗೆ ಓದಿ, ನುಗ್ಗುವವರಿಗೆ ಚೆನ್ನಾಗಿ ಹೇಳಿದರು ಎಂದುಕೊಂಡವರಿಗೆ ಒಂದು ಮಾತು. "ನಾನು ಮಿತಿಯಲ್ಲೇ ಹೋಗುತ್ತಿದ್ದೇನೆ, ಇವನಿಗೆ ಯಾಕೆ ದಾರಿ ಬಿಡಲಿ?" ಎಂದು ಬಲಗಡೆ ಲೇನಿನಲ್ಲೇ ಬೇರು ಬಿಡುವವರೂ ಇದ್ದಾರಲ್ಲ, ಅದೂ ಅಹಂಕಾರವೇ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಓವರ್‌ಟೇಕ್ ಮುಗಿದ ಮೇಲೆ ಎಡಕ್ಕೆ ಸರಿಯಬೇಕು. ಹಿಂದಿನವರು ನಿಮ್ಮನ್ನು ದಾಟುತ್ತಿರುವಾಗ ನೀವು ವೇಗ ಹೆಚ್ಚಿಸುವುದಾಗಲಿ, ಅಡ್ಡಿ ಮಾಡುವುದಾಗಲಿ ನಿಯಮಬಾಹಿರ. ಅವರ ವೇಗಕ್ಕೆ ದಂಡ ಹಾಕಲು ಕ್ಯಾಮೆರಾಗಳಿವೆ. 130 ಮೀರಿದವರ ಮೇಲೆ ಪ್ರಕರಣ ದಾಖಲಿಸುವುದಾಗಿ ರಾಜ್ಯ ಪೊಲೀಸರು 2024ರಲ್ಲೇ ಹೇಳಿದ್ದಾರೆ. ಆ ಕೆಲಸವನ್ನು ನಿಮ್ಮ ಹಿಂದಿನ ಬಂಪರ್ ಮಾಡಬೇಕಿಲ್ಲ.

"ನಾಲ್ಕು ಬೈದು, ಜೋರಾಗಿ ಹಾರ್ನ್ ಹೊಡೆದರೆ ಕೋಪ ಇಳಿಯುತ್ತದೆ" ಎಂಬುದೂ ನಿಜವಲ್ಲ. ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರಿಗೆ ಸಿಟ್ಟು ಇನ್ನಷ್ಟು ಏರಿತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿಯಾಗಿದ್ದರು.

ಪಕ್ಕದ ಸೀಟಿನಲ್ಲಿ ಕೂರುವವರ ಪಾತ್ರವೂ ದೊಡ್ಡದು. ಗೆಳೆಯರು ತುಂಬಿದ ಕಾರಿನಲ್ಲಿ "ಬಿಡಬೇಡ ಮಗಾ, ಹಾಕು" ಎನ್ನುವ ಒಂದು ಮಾತು ಸಾಕು, ಸುಮ್ಮನಿದ್ದವನೂ ಕೆರಳುತ್ತಾನೆ. ಅದೇ ಜಾಗದಲ್ಲಿ "ಹೋಗಲಿ ಬಿಡು, ಕಾಫಿಗೆ ಎಲ್ಲಿ ನಿಲ್ಲಿಸೋಣ?" ಎಂದು ಮಾತು ತಿರುಗಿಸಿದರೆ ಕಾಲು ತಾನಾಗಿ ಸಡಿಲವಾಗುತ್ತದೆ.

ಯಾರಾದರೂ ನಿಜವಾಗಿಯೂ ಬೆನ್ನು ಹತ್ತಿದರೆ ರಸ್ತೆ ಬದಿಯಲ್ಲಿ ನಿಲ್ಲಿಸಬೇಡಿ, ಗಾಜು ಇಳಿಸಬೇಡಿ, ಇಳಿದು ಮಾತಿಗೆ ಹೋಗಬೇಡಿ. ಎಡ ಲೇನಿಗೆ ಬಂದು, ಬಾಗಿಲು ಲಾಕ್ ಮಾಡಿಕೊಂಡು, ಜನರಿರುವ ಟೋಲ್ ಗೇಟಿನ ತನಕ ಓಡಿಸಿ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರು 112ಕ್ಕೆ ಕರೆ ಮಾಡಲಿ. ರಾಷ್ಟ್ರೀಯ ಹೆದ್ದಾರಿಗಳಿಗೆ 1033 ಎಂಬ ಸಹಾಯವಾಣಿಯೂ ಇದೆ.